ಗೆರೆಗಳನ್ನು ಹುಡುಕುತ್ತಿದ್ದ ಮನುಷ್ಯ

ಶೆಟ್ಟರ ಫೋನು ಬಂದಾಗ ನಾನು ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಸ್ಕೂಟಿ ನಿಲ್ಲಿಸುತ್ತಿದ್ದೆ. ಶೆಟ್ಟರೆಂದರೆ ವಡೋದರಾದಲ್ಲಿ ಉಡುಪಿ ಹೋಟೆಲು ಇಟ್ಟಿರುವವರು. ಹಬ್ಬಕ್ಕೊಂದು ಸಲ ಬಿಟ್ಟರೆ ಸುಮ್ಮನೆ ಫೋನ್ ಮಾಡುವವರಲ್ಲ.

“ನಿಮ್ಮ ಪ್ರೊಫೆಸರು ಹೋದ್ರು ಮಾರಾಯ್ರೆ,” ಎಂದರು. “ನಿದ್ದೆಯಲ್ಲೇ ಹೋದದ್ದು. ಬೆಳಿಗ್ಗೆ ಇಡ್ಲಿಗೆ ಬರ್ಲಿಲ್ಲ, ಎಂತ ಆಯ್ತು ಅಂತ ನಾನೇ ಹೋಗಿ ನೋಡಿದೆ.”

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಳುವುದಕ್ಕಿಂತ ಮೊದಲು ಸಿಟ್ಟು ಬರುವುದು ನನಗೆ ಚಿಕ್ಕಂದಿನಿಂದ ಇರುವ ರೋಗ. ಮಳೆ ನಿಲ್ಲಲಿ, ಬಂದು ನಾಲ್ಕು ದಿನ ಇದ್ದು ಹೋಗ್ತೀನಿ ಅಂದಿದ್ದರು. ಮಳೆ ನಿಂತು ಎಷ್ಟೋ ದಿನವಾಗಿತ್ತು. ಹೇಳಿದ್ದನ್ನು ಮರೆತುಬಿಡುವ ಈ ಮನುಷ್ಯನನ್ನು ಬಯ್ಯಬೇಕೆಂದರೆ ಇನ್ನು ಅವರಿಲ್ಲವಲ್ಲ ಎಂದು ಹೊಳೆದ ಮೇಲೆ ಅಲ್ಲೇ ಸ್ಕೂಟಿಯ ಮೇಲೆ ಕೂತೆ. ವಾಚ್‌ಮನ್ ಬಂದು ಏನಾಯ್ತು ಬೆನ್, ಏನಾಯ್ತು ಅಕ್ಕಾ ಎಂದು ಕೇಳಿದ. ಏನಂತ ಹೇಳುವುದು?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೂ ಹೆಸರುಗಳೆಂದರೆ ಅಷ್ಟಕ್ಕಷ್ಟೇ. ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಆದರೆ ಯಾರು ಯಾರಿಗೆ ಏನಾಗಬೇಕು, ಯಾರು ಯಾರ ಜೊತೆ ಚಹಾ ಕುಡಿಯುತ್ತಾರೆ, ಅದು ಮಾತ್ರ ಮರೆಯುತ್ತಿರಲಿಲ್ಲ. ನಮ್ಮ ವಿಭಾಗದ ಗುಮಾಸ್ತನನ್ನು “ಲೈಬ್ರರಿಯಾಂವನ ಭಾವ” ಎನ್ನುತ್ತಿದ್ದರು. ಕಸ ಗುಡಿಸುವವಳು “ಗುಮಾಸ್ತನ ಮನಿಗೆ ಹಾಲು ಕೊಡಾಕಿ.” ನಾನು ಶಾರದಾ ಎನ್ನುವ ಗೆಳತಿಯ ಚೀಟಿ ಹಿಡಿದು ಅವರ ಹತ್ತಿರ ಬಂದವಳು. ಹಾಗಾಗಿ ನಾನು ಕೊನೆಯ ತನಕ “ಶಾರದಾನ ಗೆಳತಿ.” ಆ ಶಾರದಾ ಅಮೇರಿಕದವನನ್ನು ಮದುವೆಯಾಗಿ ನನ್ನ ಕಾಗದಕ್ಕೆ ಉತ್ತರ ಬರೆಯುವುದನ್ನು ಬಿಟ್ಟು ವರ್ಷಗಳಾದ ಮೇಲೂ ನಾನು ಅವಳ ಗೆಳತಿಯೇ.

ನಾನು ತಿಪಟೂರು ಕಡೆಯವಳು, ಅವರು ಧಾರವಾಡದವರು. ಎರಡು ಸಾವಿರದ ಇಸವಿಯ ಆಚೀಚೆ ವಡೋದರಾದಲ್ಲಿ ಗಣಿತ ಓದಲು ಹೋದಾಗ ಗೋರ್ವಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಸುತ್ತ ಕಾರ್ಖಾನೆಗಳು, ಸಂಜೆಯಾದರೆ ಗಾಳಿಯಲ್ಲಿ ಒಂಥರಾ ಹುಳಿ ವಾಸನೆ. ಮೊದಲ ದಿನ ವಿಭಾಗದಲ್ಲಿ ಅವರ ಕೋಣೆಗೆ ಹೋದಾಗ ಅವರು ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು. ಹೊರಗೆ ಬೇವಿನ ಮರದ ಕೆಳಗೆ ಹುಡುಗರು ಗುಂಪು ಕಟ್ಟಿ ಹರಟುತ್ತಿದ್ದರು. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

“ರಂಗೋಲಿ ಬರ್ತದೇನವಾ?” ಎಂದರು.

ಸಂದರ್ಶನಕ್ಕೆ ಅಂತ ಎರಡು ಪುಸ್ತಕ ಉರು ಹೊಡೆದು ಬಂದಿದ್ದವಳು ನಾನು. “ಬರುತ್ತೆ ಸರ್, ಆದ್ರೆ ಚುಕ್ಕಿ ರಂಗೋಲಿ ಮಾತ್ರ” ಎಂದೆ.

“ಅಷ್ಟ ಸಾಕು. ಇಲ್ಲಿ ಚುಕ್ಕಿ ತಾವಾಗೇ ಅಡ್ಡಾಡ್ತಾವ. ಅಷ್ಟ ಫರಕು.”

ಅವರ ಕೆಲಸ ರೋಗ ಹರಡುವ ದಾರಿಯನ್ನು ಗಣಿತದಲ್ಲಿ ಹಿಡಿಯುವುದು. ಅವರಿಗಿಂತ ಹಳೆಯ ಕಾಲದವರು ಒಂದು ಊರಿನ ಜನವನ್ನೆಲ್ಲ ಒಂದೇ ಪಾತ್ರೆಯ ಸಾರಿನ ಹಾಗೆ ಎಣಿಸುತ್ತಿದ್ದರು: ಎಲ್ಲರೂ ಎಲ್ಲರ ಜೊತೆ ಒಂದೇ ಸಮನೆ ಬೆರೆಯುತ್ತಾರೆ, ರೋಗವೂ ಹಾಗೇ ಕಲಕಿಕೊಳ್ಳುತ್ತದೆ ಅಂತ. ಇವರು ಅದನ್ನು ಒಪ್ಪುತ್ತಿರಲಿಲ್ಲ. ಮನುಷ್ಯ ಒಂದು ಚುಕ್ಕೆ. ಅವನು ಯಾರನ್ನು ಮುಟ್ಟುತ್ತಾನೆ, ಯಾರ ಪಕ್ಕ ಕೂರುತ್ತಾನೆ, ಅಲ್ಲಿಗೆ ಮಾತ್ರ ಗೆರೆ. ರೋಗ ಆ ಗೆರೆ ಹಿಡಿದೇ ನಡೆಯಬೇಕು, ಹಾರಿಹೋಗಲು ಅದಕ್ಕೆ ರೆಕ್ಕೆ ಇಲ್ಲ. ಎಲ್ಲ ಗೆರೆಗಳೂ ಗೊತ್ತಿದ್ದರೆ ರೋಗ ನಾಳೆ ಯಾರ ಮನೆಯ ಬಾಗಿಲು ತಟ್ಟುತ್ತದೆ ಎಂದು ಇವತ್ತೇ ಹೇಳಬಹುದು. ಒಂದು ಚುಕ್ಕೆಯನ್ನು ಸರಿಯಾಗಿ ನೋಡಿ ಅಳಿಸಿದರೆ, ಅಂದರೆ ಅವನೊಬ್ಬನಿಗೆ ಲಸಿಕೆ ಕೊಟ್ಟರೆ ಅಥವಾ ಅವನೊಬ್ಬನನ್ನು ಮನೆಯಲ್ಲಿ ಕೂರಿಸಿದರೆ, ಅರ್ಧ ಊರು ಉಳಿದೀತು. ಈಗ ಇದು ಎಲ್ಲರ ಬಾಯಲ್ಲೂ ಇದೆ. ಆಗ ಹೇಳಿದರೆ ಆರೋಗ್ಯ ಇಲಾಖೆಯವರು ಆಕಳಿಸುತ್ತಿದ್ದರು.

ಅವರು ಕನಸಿನಲ್ಲಿ ನಡೆಯುವವರ ಹಾಗೆ ನಡೆಯುತ್ತಿದ್ದರು. ಶೆಟ್ಟರ ಹೋಟೆಲಿನಲ್ಲಿ ಕೂತು ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿ, ಹಾಗೇ ಕೈ ಎತ್ತಿ, ಎದುರು ಟೇಬಲಿನವರನ್ನು ನೋಡುತ್ತಾ ಉಳಿದುಬಿಡುವರು. ಇಡ್ಲಿ ಕರಗಿ ತಟ್ಟೆಗೆ ಬೀಳುವುದು. “ಸಾರ್, ಎಲ್ಲಿದ್ದೀರಿ?” ಎಂದು ಶೆಟ್ಟರು ಗಲ್ಲಾದಿಂದ ಕೂಗಬೇಕು. ಒಂದು ಕನ್ನಡದಲ್ಲಿ ಅವರು, ಇನ್ನೊಂದರಲ್ಲಿ ಶೆಟ್ಟರು, ಮತ್ತೊಂದರಲ್ಲಿ ನಾನು. ಮೂವರೂ ಒಬ್ಬರ ಮಾತನ್ನು ಇನ್ನೊಬ್ಬರು ಆಡಿಕೊಂಡು ನಗುತ್ತಿದ್ದೆವು. ಶೆಟ್ಟರ ಮಗಳು ಮಾತ್ರ ಮೂರೂ ಬೇಡವೆಂದು ಗುಜರಾತಿಯಲ್ಲಿ ಉತ್ತರಿಸುತ್ತಿದ್ದಳು.

ಮದುವೆಯಾಗಿರಲಿಲ್ಲ. ಯಾಕೆ ಅಂತ ನಾನು ಒಮ್ಮೆ ಕೇಳಿಯೇಬಿಟ್ಟೆ. ಕೇಳಬಾರದ್ದನ್ನು ಕೇಳುವುದೂ ನನಗೆ ಹುಟ್ಟಿನಿಂದ ಬಂದದ್ದೇ.

“ಮಂದಿ ಗೆರಿ ನೋಡೋದ್ರಾಗ ನಂದು ಎಳಕೊಳ್ಳಾಕ ಮರ್ತೆ,” ಎಂದರು. “ನನ್ನ ಚುಕ್ಕಿ ಒಂಟಿ ಅದನವಾ. ನಂಗ ಬಂದ ನೆಗಡಿ ನನ್ನೊಳಗ ಸಾಯ್ತದ.”

ತಮಾಷೆಗೆ ಅಂದರೋ, ನಿಜವಾಗಿ ನಂಬಿದ್ದರೋ ಆಗ ಗೊತ್ತಾಗಲಿಲ್ಲ. ನಂಬಿದ್ದರು.

ಒಂದು ಸಂಕ್ರಾಂತಿಗೆ ಅವರ ಭಾಷಣವೆಂದು ಇಬ್ಬರೂ ಅಹಮದಾಬಾದಿಗೆ ಹೋಗಿದ್ದೆವು. ಆ ದಿನ ಗುಜರಾತಿನಲ್ಲಿ ಯಾರು ಭಾಷಣ ಕೇಳುತ್ತಾರೆ? ಇಡೀ ಊರು ತಾರಸಿ ಹತ್ತಿ ಗಾಳಿಪಟ ಹಾರಿಸುತ್ತಿತ್ತು. ಕರೆದವರೇ ನಾಪತ್ತೆ. ಚಾಂದ್‌ಖೇಡಾದಲ್ಲಿದ್ದ ನನ್ನ ಸೋದರಮಾವನ ಮನೆಗೆ ಹೋಗೋಣವೆಂದರೆ ಬಸ್ಸೂ ಇಲ್ಲ. ಹಳೆ ಊರಿನ ಒಂದು ಮನೆಯವರು ನಮ್ಮ ಅಲೆದಾಟ ನೋಡಿ ಮೇಲೆ ಬನ್ನಿ ಎಂದು ಕರೆದು ಎಳ್ಳುಂಡೆ ಕೊಟ್ಟರು. ಒಂದಕ್ಕೊಂದು ಅಂಟಿದ ತಾರಸಿಗಳು, ಒಂದರಿಂದ ಇನ್ನೊಂದಕ್ಕೆ ದಾಟುವ ಮಕ್ಕಳು, ಮೇಲೆ ಆಕಾಶದ ತುಂಬ ದಾರ. ಬಿಸಿಲು ಇಳಿಯುವ ಹೊತ್ತಿಗೆ ಆ ದಾರಗಳೆಲ್ಲ ಒಂದು ಕ್ಷಣ ಹೊಳೆದವು. ಅವರು ನೀರಿನ ಟ್ಯಾಂಕಿಗೆ ಒರಗಿ ಕತ್ತು ಮೇಲೆತ್ತಿ ನಿಂತಿದ್ದರು.

“ನಾ ಹೇಳಿದ್ರ ಯಾರೂ ನಂಬಂಗಿಲ್ಲ. ನೋಡಲ್ಲೆ, ಇವತ್ತ ಗೆರಿ ಕಾಣ್ಲಿಕತ್ತಾವ” ಎಂದರು. ಕಣ್ಣಲ್ಲಿ ನೀರಿತ್ತು. ಧೂಳು ಬಿತ್ತೆಂದು ಒರೆಸಿಕೊಂಡರು. ಅವರ ಕಣ್ಣಿನ ವಿಷಯದಲ್ಲಿ ಎಲ್ಲಕ್ಕೂ ಧೂಳೇ ಕಾರಣ.

ಸಾರ್ಸ್ ಎಂಬ ಹೊಸ ಜ್ವರದ ಸುದ್ದಿ ಪೇಪರಿನಲ್ಲಿ ಬಂದ ವರ್ಷ ಯಾರಿಗೋ ಇವರ ನೆನಪಾಯಿತು. ಸಣ್ಣದೊಂದು ಅನುದಾನ ಸಿಕ್ಕಿತು. ಜನ ಒತ್ತಾಗಿ ಕೂತು ಕೆಲಸ ಮಾಡುವ ಜಾಗದಲ್ಲಿ ಸಣ್ಣ ಸೋಂಕುಗಳು ಹೇಗೆ ನಡೆಯುತ್ತವೆ ಎಂದು ನೋಡುವುದು ಕೆಲಸ. ಸೂರತ್ತಿನ ವರಾಛಾ ರಸ್ತೆಯ ವಜ್ರಕ್ಕೆ ಹೊಳಪು ಕೊಡುವ ಕಾರ್ಖಾನೆಯೊಂದನ್ನು ಆರಿಸಿದರು. ಅದು ಅವರ ಬಹುದಿನದ ಆಸೆ, ನನ್ನ ಪಿಎಚ್‌ಡಿಯ ವಿಷಯವೂ ಅದೇ ಆಯಿತು.

ಬೆಳಗಿನ ಗಾಡಿಯಲ್ಲಿ ಹೋಗುತ್ತಿದ್ದೆವು. ಅವರಿಗೆ ಕಿಟಕಿಯೇ ಆಗಬೇಕು. ಭರೂಚಿನಲ್ಲಿ ಉಪ್ಪು ಹಚ್ಚಿ ಹುರಿದ ಶೇಂಗಾ ತೆಗೆದುಕೊಳ್ಳುವುದು, ನರ್ಮದೆಯ ಸೇತುವೆ ಬಂದಾಗ ಮಾತು ನಿಲ್ಲಿಸಿ ಕಂಬಿಗೆ ಮುಖ ಒತ್ತುವುದು. ಮಳೆಗಾಲದಲ್ಲಿ ನದಿ ಕೆಂಪಗೆ, ದಡವೇ ಕಾಣದಷ್ಟು ಅಗಲ. ಸೇತುವೆ ಮುಗಿದ ಮೇಲೂ ಒಂದಷ್ಟು ಹೊತ್ತು ಅವರು ನೀರಿನ ಮೇಲೆಯೇ ಇರುತ್ತಿದ್ದರು. ಮಾತಾಡಿಸಿದರೆ ಹ್ಞೂಂ ಎನ್ನುವರು, ಯಾವ ಪ್ರಶ್ನೆಗೆ ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ. ನಾನು ಅವರ ಪಾಲಿನ ಶೇಂಗಾವನ್ನೂ ತಿಂದು ಮುಗಿಸುತ್ತಿದ್ದೆ.

ಕಾರ್ಖಾನೆಗೆ ರಸ್ತೆಯ ಈಚೆ ಒಂದು ದೊಡ್ಡ ಕೋಣೆ, ಹಾಲ್ ಎನ್ನುತ್ತಾರೆ, ಆಚೆ ಇನ್ನೊಂದು. ಎರಡಕ್ಕೂ ಮಾಲೀಕ ಶೇಠ್ ಒಬ್ಬನೇ, ಆದರೆ ಇಲ್ಲಿಯವರು ಅಲ್ಲಿಗೆ ಹೋಗುವುದಿಲ್ಲ. ಈ ಹಾಲಿನವರು ಅಮರೇಲಿ ಕಡೆಯವರು, ಆ ಹಾಲಿನವರು ಭಾವನಗರ ಕಡೆಯವರು, ಊಟ ವಸತಿ ಎಲ್ಲ ಬೇರೆ. ತಿರುಗುವ ಒಂದೊಂದು ಚಕ್ರದ ಸುತ್ತ ನಾಲ್ಕು ನಾಲ್ಕು ಜನ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕಲ್ಲು ಉಜ್ಜುತ್ತಾರೆ. ಆಗಾಗ ಕಲ್ಲನ್ನು ಎತ್ತಿ, ಐಗ್ಲಾಸ್ ಎನ್ನುವ ಪುಟ್ಟ ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು ನೋಡುತ್ತಾರೆ. ಆ ಐಗ್ಲಾಸ್ ಅವರವರದು. ಪಕ್ಕದವನಿಗೂ ಕೊಡುವುದಿಲ್ಲ. ಬೇರೆಯವರ ಕಣ್ಣಿಗೆ ಹೋದ ಗಾಜು ಮತ್ತೆ ತನ್ನ ಕಣ್ಣಿಗೆ ಕೂರುವುದಿಲ್ಲ ಎಂದು ಅವರ ನಂಬಿಕೆ.

ನನ್ನ ಕೆಲಸ ಕೇಳುವುದು: ನಿನ್ನೆ ಯಾರ ಪಕ್ಕ ಕೂತೆ, ಯಾರ ಡಬ್ಬಿ ಹಂಚಿಕೊಂಡೆ, ಯಾರ ಬೈಕಿನಲ್ಲಿ ಮನೆಗೆ ಹೋದೆ. ಸರ್ ನನ್ನ ಜೊತೆ ಶುರು ಮಾಡುವರು, ಎರಡನೇ ಚಕ್ರಕ್ಕೆ ಬರುವಷ್ಟರಲ್ಲಿ ಕಲ್ಲಿನ ಬೆಳಕಿಗೆ ಸೋತುಹೋಗಿರುತ್ತಿದ್ದರು. “ಭಾಯಿ, ಒಂದ ಸಲ ನೋಡ್ಲಿ?” ಎಂದು ಹರಕು ಗುಜರಾತಿಯಲ್ಲಿ ಕೇಳಿ, ಅವನ ಐಗ್ಲಾಸನ್ನೇ ಇಸಕೊಂಡು ಕಣ್ಣಿಗೆ ಒತ್ತಿ, ಉಸಿರು ಬಿಗಿಹಿಡಿದು ನೋಡುವರು. ನೋಡಿ “ಓಹೋಹೋ” ಎನ್ನುವರು. ಬಿಳಿ ತಲೆಯ ಪ್ರೊಫೆಸರ್ ಸಾಹೇಬರು ತಮ್ಮ ಕೆಲಸ ನೋಡಿ ಮಗುವಿನ ಹಾಗೆ ಬಾಯಿ ಬಿಡುತ್ತಾರೆ ಅಂತ ಅವರಿಗೆಲ್ಲ ಖುಷಿ. ಪಕ್ಕದವನಿಗೂ ಕೊಡದವರು ಇವರಿಗೆ ತಾವೇ ಕರೆದು ಕೊಡುತ್ತಿದ್ದರು. ಒಂದು ಚಕ್ರದಿಂದ ಇನ್ನೊಂದಕ್ಕೆ, ಈ ಹಾಲಿನಿಂದ ಆ ಹಾಲಿಗೆ ಅವರು ಹೀಗೇ ತೇಲಿಕೊಂಡು ಹೋಗುತ್ತಿದ್ದರು. ನಾನು ಹಿಂದೆ ಹಿಂದೆ ಫಾರಂ ತುಂಬುತ್ತಿದ್ದೆ.

ಆಗಸ್ಟಿನಲ್ಲಿ ಈಚೆ ಹಾಲಿನ ಒಬ್ಬನಿಗೆ ಕಣ್ಣು ಬಂತು. ನಾವು ಮದ್ರಾಸ್ ಐ ಎನ್ನುತ್ತೇವಲ್ಲ, ಅದು. ಕಣ್ಣು ಕೆಂಪಾಗಿ, ಪಿಸುರು ಕಟ್ಟಿ, ರೆಪ್ಪೆ ಅಂಟಿಕೊಳ್ಳುವುದು. ನಮಗೆ ನಿಮಗೆ ಅದು ನಾಲ್ಕು ದಿನದ ಕಾಟ. ಕಣ್ಣಿನಿಂದಲೇ ದುಡಿಯುವವರಿಗೆ ಹಾಗಲ್ಲ. ನೋಡುತ್ತಿದ್ದ ಹಾಗೇ ಆ ಹಾಲಿನಲ್ಲಿ ಹಬ್ಬಿತು. ಸರ್ ಪಾಪ ಬೇಜಾರೂ ಪಟ್ಟರು, ಒಳಗೊಳಗೇ ಹಿಗ್ಗಿದ್ದೂ ಹೌದು. ಬೇಕಾದ ಗೆರೆಗಳೆಲ್ಲ ನಮ್ಮ ಕೈಯಲ್ಲಿದ್ದವು. ಆಮೇಲೆ, ಯಾರೂ ಎಣಿಸದೇ ಇದ್ದ ಹಾಗೆ, ಆಚೆ ಹಾಲಿನಲ್ಲಿ ಒಟ್ಟಿಗೇ ಹಲವರಿಗೆ ಬಂತು.

ಅಲ್ಲಿಗೆ ಹೇಗೆ ಹೋಯಿತು? ಎರಡು ಹಾಲಿನ ನಡುವೆ ಗೆರೆಯೇ ಇಲ್ಲ. ವಡೋದರಾದ ಕಂಪ್ಯೂಟರಿನಲ್ಲಿ ನಕ್ಷೆ ಎರಡು ಬೇರೆ ಬೇರೆ ಉಂಡೆಗಳಾಗಿ ಕೂತಿತ್ತು. ನಡುವೆ ಒಂದು ಚುಕ್ಕೆ ಇರಲೇಬೇಕು ಎಂದರು ಸರ್. ಆ ಕಾಣದ ಚುಕ್ಕೆಯ ಬಗ್ಗೆ ಅವರು ಮಾತಾಡುವುದನ್ನು ಕೇಳಬೇಕಿತ್ತು. “ಯಾರೋ ಒಬ್ಬಾಂವ ಇದ್ದಾನವಾ. ಇವರಿಗೂ ಬೇಕಾದಾಂವ, ಅವರಿಗೂ ಬೇಕಾದಾಂವ. ಎಲ್ಲಾರೂ ಹತ್ರ ಬಿಟ್ಟುಕೊಂಡಾರ” ಎನ್ನುವರು. ಆ ದಿನಗಳಲ್ಲಿ ಅವರದೂ ಕಣ್ಣು ಕೆಂಪಗೇ ಇತ್ತು. ಗಾಡಿಯ ಕಿಟಕಿ ಗಾಳಿ, ಧೂಳು ಎಂದು ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಿದ್ದರು. ನಾನೂ ಹೌದೆಂದುಕೊಂಡೆ.

ಚಹಾ ತಂದುಕೊಡುವವರನ್ನು ನಾವು ಗೆರೆಯೆಂದು ಎಣಿಸಿರಲಿಲ್ಲ. ಫಾರಂಗಳನ್ನೆಲ್ಲ ಮತ್ತೆ ತಿರುವಿದಾಗ ಎರಡೂ ಹಾಲಿಗೆ ಹೋಗುವ ಒಬ್ಬರೇ ಒಬ್ಬರು ಸಿಕ್ಕರು: ಚಹಾ ಕೊಡುವ ಕಾಂತಾಬೆನ್. ಐವತ್ತರ ಆಸುಪಾಸಿನ ವಿಧವೆ. ಕೆಟಲ್ ಹಿಡಿದು ದಿನಕ್ಕೆರಡು ಹೊತ್ತು ಎರಡೂ ಕಡೆ ಮೆಟ್ಟಿಲು ಹತ್ತುವವಳು. ಅವಳಿಗೂ ಕಣ್ಣು ಬಂದಿತ್ತು. ಸರ್‌ಗೆ ಅಷ್ಟು ಸಾಕಾಯಿತು. ಮುಂದಿನ ಸಲ ಹೋದಾಗ ಶೇಠ್‌ನ ಎದುರು ಕಾಗದ ಹರಡಿ, ಇದು ನೋಡಿ ಈ ಚುಕ್ಕೆ, ಇದನ್ನು ತೆಗೆದರೆ ಎರಡು ಹಾಲೂ ಬೇರೆ ಬೇರೆ ಎಂದು ಬೆರಳಿನಿಂದ ಮುಚ್ಚಿ ತೋರಿಸಿದರು. ಅವರಿಗದು ನಕ್ಷೆಯ ಸೊಗಸು. ಶೇಠ್ ತಲೆಯಾಡಿಸಿದ.

ಅದರ ಮುಂದಿನ ಸಲ ಹೋದಾಗ ಚಹಾ ತಂದವನು ಬೇರೆ ಯಾರೋ. ಕಾಂತಾಬೆನ್ ಎಲ್ಲಿ ಎಂದರೆ, “ತಾವೇ ಹೇಳಿದ್ರಲ್ಲ ಸಾಹೇಬ್, ತೆಗೆದುಬಿಟ್ಟೆ” ಎಂದ ಶೇಠ್. ಸರ್ ಪೆಚ್ಚಾದರು. ಕಣ್ಣು ವಾಸಿಯಾಗೋ ತನಕ ಮಾತ್ರ ಎಂದು ಹೇಳಿದ್ದೆ ಎಂದರು. ಹಾಗೆ ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ಅದಾದ ಮರುದಿನ ಬೆಳಿಗ್ಗೆ ಶೆಟ್ಟರ ಹೋಟೆಲಿನಲ್ಲಿ ಕೂತಿದ್ದೆವು. ಗಲ್ಲಾದಲ್ಲಿ ಶೆಟ್ಟರು ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದರು. ಅವರ ಹೆಂಡತಿಗೂ ಬಂದಿತ್ತು, ಮಗಳಿಗೂ.

“ನಿಮ್ಮ ಸೂರತ್ತಿನ ವಜ್ರ ನಮ್ಗೆ ಬೇಡ ಇತ್ತು ಸಾರ್,” ಎಂದು ಶೆಟ್ಟರು ನಕ್ಕರು. “ಮೊದ್ಲು ನಿಮ್ಗೆ, ಮತ್ತೆ ನಂಗೆ, ಆಮೇಲೆ ಮನೆಯವ್ರಿಗೆ. ಕರೆಕ್ಟಾಗಿ ಲೈನಲ್ಲಿ ಬಂತು.”

ಸರ್ ನಗಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟು ದಿನದಲ್ಲಿ ಅವರು ಪೂರ್ತಿ ಎಚ್ಚರವಾಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಕ್ಷಾದಾಗ ನಾ ಎಲ್ಲಿದ್ದೀನವಾ?” ಎಂದು ಕೇಳಿದರು.

ಎಲ್ಲೂ ಇರಲಿಲ್ಲ. ಎಲ್ಲರ ಹತ್ತಿರವೂ ನೀನು ಯಾರನ್ನು ಮುಟ್ಟಿದೆ ಎಂದು ಕೇಳಿದ್ದೆವು. ಕೇಳಲು ಹೋದವರನ್ನು ಯಾರೂ ಹೇಳಲಿಲ್ಲ, ನಾವೂ ಬರೆದುಕೊಳ್ಳಲಿಲ್ಲ. ಅವರಿಗೆ ಕಣ್ಣು ಕೆಂಪಾದದ್ದು ಯಾವಾಗ, ಕಾಂತಾಬೆನ್‌ಗೆ ಬಂದದ್ದು ಯಾವಾಗ ಎಂದು ಇಬ್ಬರೂ ಬಾಯಲ್ಲೇ ಲೆಕ್ಕ ಹಾಕಿದೆವು. ಅವಳಿಗೆ ಬರುವ ಹೊತ್ತಿಗೆ ಆಚೆ ಹಾಲಿನಲ್ಲಿ ಆಗಲೇ ಹಬ್ಬಿಯಾಗಿತ್ತು. ಅವಳು ಮುಟ್ಟಿದ್ದು ಕಪ್ಪುಬಸಿಗಳನ್ನು, ಯಾರ ಐಗ್ಲಾಸನ್ನೂ ಅಲ್ಲ. ಎಲ್ಲ ಐಗ್ಲಾಸುಗಳನ್ನೂ ಮುಟ್ಟಿದವರು ಒಬ್ಬರೇ.

ಮರುದಿನ ಬೆಳಗಿನ ಗಾಡಿ ಹಿಡಿದೆವು. ನರ್ಮದೆ ಬಂತು, ಹೋಯಿತು. ಅವರು ತಲೆ ಎತ್ತಲಿಲ್ಲ.

ಸರ್ ಹೇಳಿದ್ದನ್ನು ಶೇಠ್ ನಂಬಲಿಲ್ಲ. ನಂಬಲಿಲ್ಲ ಅನ್ನುವುದಕ್ಕಿಂತ, ಅವನಿಗದು ಬೇಕಿರಲಿಲ್ಲ. “ಬೇಸೋ ಸಾಹೇಬ್, ಕೂತ್ಕೊಳ್ಳಿ. ತಾವು ಮೆಹಮಾನ್, ನಮ್ಮ ಅತಿಥಿ. ತಮ್ಮಿಂದ ರೋಗ ಬಂತು ಅಂದ್ರೆ ನನಗೆ ಶೋಭೆಯೇ? ಚಾದವಳ ವಿಷಯ ಮುಗೀತು, ಬಿಡಿ” ಎಂದ. ನನಗೆ ಮೈಯೆಲ್ಲ ಉರಿಯಿತು. ಯಾರನ್ನು ಮನೆಗೆ ಕಳಿಸುವುದು ಸುಲಭವೋ ಅವರಿಂದಲೇ ರೋಗ ಬಂದಿರಬೇಕು ಎಂದಾಯಿತಲ್ಲ! ಬಾಯಿ ತೆರೆಯುವಷ್ಟರಲ್ಲಿ ಸರ್ ಎದ್ದು ನೇರ ಹಾಲಿನ ನಡುವೆ ಹೋಗಿ ನಿಂತರು. ಚಕ್ರಗಳು ತಿರುಗುತ್ತಿದ್ದವು. ಅವರು ಕೈ ಎತ್ತಿದ್ದನ್ನು ನೋಡಿ ಒಂದೊಂದೇ ನಿಂತವು.

“ಭಾಯಿ, ಯಾರ ಯಾರ ಐಗ್ಲಾಸು ನಾನು ಕಣ್ಣಿಗೆ ಇಟ್ಟುಕೊಂಡೆ?” ಎಂದು ಕೇಳಿದರು. ಅವರ ಗುಜರಾತಿಯಲ್ಲಿ ಕ್ರಿಯಾಪದವೇ ಇರಲಿಲ್ಲ, ಆದರೂ ಅರ್ಥವಾಯಿತು.

ಒಬ್ಬ ನಗುತ್ತಾ ಕೈ ಎತ್ತಿದ. ಅವನ ಪಕ್ಕದವನು. ಹಿಂದಿನ ಚಕ್ರದಲ್ಲಿ ಇಬ್ಬರು. ಆಮೇಲೆ ಹಾಲಿನ ತುಂಬ ಕೈಗಳು. ಕೆಲವರು ತಮ್ಮ ಐಗ್ಲಾಸನ್ನೂ ಎತ್ತಿ ಹಿಡಿದಿದ್ದರು, ನನ್ನದೂ ನೋಡಿದ್ದರು ಎಂಬ ಹೆಮ್ಮೆಯಲ್ಲಿ. ಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದರು. ಶೇಠ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನ ಮುಖದ ಮೇಲಿನ ಉಪಚಾರ ಇಳಿದುಹೋಯಿತು. ಕಾಂತಾಬೆನ್ ನಾಳೆಯಿಂದ ಬರಲಿ ಎಂದ. ಆದರೆ ತಾವು ಇನ್ನು ಮೇಲೆ ಬರುವುದು ಬೇಡ ಎಂದೂ ಅಂದ, ಕೈ ಮುಗಿದೇ ಅಂದ. ಸರ್ ಆಗಲಿ ಎಂದರು. ಅನುದಾನದ ಕೆಲಸ, ನನ್ನ ಪಿಎಚ್‌ಡಿ, ಎಲ್ಲ ಆ ಮೆಟ್ಟಿಲಲ್ಲೇ ಉಳಿಯಿತು. ನಾನು ಆಮೇಲೆ ಬೇರೆ ವಿಷಯದ ಮೇಲೆ ಮಾಡಿದೆ, ಅದರ ಬಗ್ಗೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಸುದ್ದಿ ಹೇಳಲು ಕಾಂತಾಬೆನ್ ಮನೆ ಹುಡುಕಿಕೊಂಡು ಹೋದೆವು. ಅವಳು ಜಗಲಿಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಾ ಒಬ್ಬಳೇ ಕೂತಿದ್ದಳು. ಕೆಲಸ ವಾಪಸ್ ಸಿಕ್ಕಿತು ಎಂದರೆ ಸಂತೋಷಪಡುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಬೆಳ್ಳುಳ್ಳಿಯಿಂದ ಕೈ ತೆಗೆಯಲಿಲ್ಲ.

“ಕೆಲಸ ಇಲ್ಲಿ ಅಲ್ಲದಿದ್ರೆ ಇನ್ನೊಂದು ಕಡೆ ಸಿಗ್ತಿತ್ತು ಸಾಹೇಬ್,” ಎಂದಳು. “ಈ ಗಲ್ಲಿಗೆ ಏನು ಹೇಳ್ತೀರಿ? ಕಾಂತಾ ನೋಡಿದರೆ ಕಣ್ಣು ಬರುತ್ತೆ ಅಂತಾರೆ. ನಲ್ಲಿ ಹತ್ರ ಹೋದ್ರೆ ಕೊಡ ಎತ್ತಿಕೊಂಡು ಹೋಗ್ತಾರೆ. ನನ್ನ ಸೊಸೆ ಬಸುರಿ, ತವರಿಗೆ ಹೋಗಿ ಕೂತಿದ್ದಾಳೆ. ನನ್ನ ನಜರ್ ಕೆಟ್ಟದ್ದಂತೆ.”

ಕಾರ್ಖಾನೆಯಿಂದ ಹೊರಟಾಗ ಅದು ಕಣ್ಣುಬೇನೆಯಾಗಿತ್ತು. ಗಲ್ಲಿ ತಲುಪುವಷ್ಟರಲ್ಲಿ ಕೆಟ್ಟ ದೃಷ್ಟಿಯಾಗಿತ್ತು. ಎದುರು ಮನೆಯ ಬಾಗಿಲಿಗೆ ಹೊಸದಾಗಿ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿಯನ್ನು ನಾನು ಆಗಲೇ ನೋಡಿದ್ದು.

ಸರ್ ಅವಳ ಎದುರು ಜಗಲಿಯ ಅಂಚಿನಲ್ಲಿ ಕೂತರು. “ಇದನ್ನ ನಿಂಗ ಯಾರು ಹೇಳಿದ್ರು, ಬೆನ್?” ಎಂದು ನನ್ನಿಂದ ಕೇಳಿಸಿದರು. ಅವಳು ಪಕ್ಕದ ಮನೆ ತೋರಿಸಿದಳು.

ಅವರು ಎದ್ದು ಪಕ್ಕದ ಮನೆಗೆ ಹೋದರು. ಕೈ ಮುಗಿದು, ಕಾಂತಾಬೆನ್ ಅಲ್ಲ, ನಾನು, ನನ್ನ ಕಣ್ಣು ಎಂದರು. ಎಂದು, ನಿಮಗೆ ಯಾರು ಹೇಳಿದರು ಎಂದು ಕೇಳಿದರು. ಆ ಹೆಂಗಸು ಡೇರಿಯವನನ್ನು ಹೇಳಿದಳು. ಡೇರಿಯವನು ಇಸ್ತ್ರಿಯವನನ್ನು. ಇಸ್ತ್ರಿಯವನಿಗೆ ಹೇಳಿದವಳು ಎರಡು ಗಲ್ಲಿ ಆಚೆ ಇದ್ದಳು. ಪ್ರತಿ ಬಾಗಿಲಿನಲ್ಲೂ ಅದೇ ಮಾತು, ಅದೇ ಕೈ ಮುಗಿಯುವುದು, ಮತ್ತೆ ನೀವು ಯಾರಿಗೆ ಹೇಳಿದಿರಿ ಎಂಬ ಪ್ರಶ್ನೆ. ಕೆಲವರು ನಕ್ಕರು, ಕೆಲವರು ಬಾಗಿಲು ಹಾಕಿದರು. ಒಬ್ಬಾಕೆ ನೀರು ಕೊಟ್ಟಳು. ಮೋಡ ಮುಚ್ಚಿ ಮಧ್ಯಾಹ್ನ ಸಂಜೆಯ ಹಾಗಿತ್ತು. ಎಲ್ಲೋ ರೇಡಿಯೋ, ಎಲ್ಲೋ ಚಕ್ರಗಳ ಗುಂಯ್‌ಗುಡುವ ಸದ್ದು. ನನ್ನ ಚಪ್ಪಲಿ ಕಚ್ಚುತ್ತಿತ್ತು, ಸಾಕು ಸರ್ ಎನ್ನಬೇಕೆನಿಸಿತು. ಅವರ ಮುಖ ನೋಡಿ ಮುಂದಿನ ಬಾಗಿಲಿಗೆ ನಡೆದೆ. ಅಂಥ ಗಲ್ಲಿಗಳಲ್ಲಿ ದಾರಿ ತಪ್ಪುವ ಮನುಷ್ಯ ಆ ದಿನ ಒಂದು ತಿರುವನ್ನೂ ತಪ್ಪಲಿಲ್ಲ.

ಕೊನೆಯದಾಗಿ ಒಂದು ಗಲ್ಲಿಯ ತುದಿಗೆ ಬಂದೆವು. ಮುದುಕಿಯೊಬ್ಬಳು ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಸರ್ ಕೈ ಮುಗಿದು ಕಾಂತಾಬೆನ್ ಎನ್ನುವಷ್ಟರಲ್ಲಿ ಅವಳೇ ಕೈಯೆತ್ತಿ ತಡೆದಳು.

“ಗೊತ್ತು ಗೊತ್ತು. ಕಾಂತಾದೇನೂ ತಪ್ಪಿಲ್ಲ ಪಾಪ. ಯಾರೋ ವಡೋದರಾದ ಸಾಹೇಬನಂತೆ, ಅವನ ಕಣ್ಣಂತೆ. ಈಗ ನಮ್ಮ ಮೊಮ್ಮಗಳು ಹೇಳಿಹೋದಳು.” ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ದೀಕರಿ, ಮಗಾ, ಅವನು ಇಲ್ಲೇ ಗಲ್ಲಿಗಳಲ್ಲಿ ಸುತ್ತುತ್ತಿದ್ದಾನಂತೆ. ನಿಮ್ಮಪ್ಪನಿಗೆ ವಯಸ್ಸಾಗಿದೆ. ಬೇಗ ಮನೆಗೆ ಕರಕೊಂಡು ಹೋಗು.”

ಸರ್ ಅವಳಿಗೆ ನಮಸ್ಕಾರ ಮಾಡಿದರು. ಅವಳ ಮಾತು ಅವರಿಗೆ ಪೂರ್ತಿ ತಿಳಿದಿತ್ತು. ಅಪ್ಪನಲ್ಲ ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಗೋಡೆಗೆ ಒಂದು ಕೈ ಕೊಟ್ಟು ನಿಂತರು. ಆಗ ನಾನು ಅವರ ತೋಳು ಹಿಡಿದುಕೊಂಡೆ. ಅಲ್ಲಿಯ ತನಕ ಒಮ್ಮೆಯೂ ಮುಟ್ಟಿದವಳಲ್ಲ.

“ಹೋಗೂಣ ಬರ್ರಿ,” ಎಂದೆ, ಅವರ ಕನ್ನಡದಲ್ಲೇ.

“ನಡಿ ಮಗಳ,” ಎಂದರು.